ಗಿರಿಜೆಯ ರವಿಕೆ, ನನ್ನ ತೋಳು

ಬಿಳಿಗೆರೆ,
ತಿಪಟೂರು ತಾಲ್ಲೂಕು
14-2-1984, ಮಂಗಳವಾರ

ಪ್ರೀತಿಯ ಅಣ್ಣ,

ಅವ್ವ ನಮ್ಮ ಚಿಕ್ಕವ್ವನ ಮಗಳು ಗಿರಿಜಾಂಬಿಕೆಯ ರವಿಕೆಯನ್ನು ನನ್ನದೆಂದು ಹೇಳಿ ಗಂಡಿನ ಮನೆಗೆ ಅಳತೆಗೆ ಕೊಟ್ಟು ಕಳಿಸಿದ್ದಾಳೆ. ಇದು ಮೋಸ. ಮದುವೆಯ ಮೊದಲ ಕೆಲಸವೇ ಮೋಸದಿಂದ ಶುರುವಾಗಿದೆ, ಅದರಲ್ಲಿ ನಿನ್ನ ಕೈಯೂ ಇದೆ. ಕ್ಷೇಮ ಸಮಾಚಾರ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ. ಕೇಳಿ ಮುಗಿಸಿ ಆಮೇಲೆ ಬರೆಯೋಣವೆಂದರೆ ನಿನ್ನ ಮೇಲಿನ ಸಿಟ್ಟು ಎಲ್ಲಿ ಇಳಿದುಹೋಗುತ್ತದೋ ಎಂಬ ಭಯ.

ಈಗ ಕೇಳುತ್ತೇನೆ. ರೂಮಿನಲ್ಲಿ ಮುದ್ದೆ ತೊಳಸುವಾಗ ಸ್ಟೌವಿಗೆ ತಾಗಿ ಸುಟ್ಟುಕೊಂಡಿದ್ದೆಯಲ್ಲ, ಆ ಕೈ ವಾಸಿಯಾಯಿತೇ? ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೀಯೋ, ಅಥವಾ ಭದ್ರಾವತಿಯಲ್ಲಿ ಸಿಗುವ ಯಾವುದೋ ಮುಲಾಮು ತಿಕ್ಕುತ್ತಿದ್ದೀಯೋ? ಅಪ್ಪನ ಕೆಮ್ಮು ಚಳಿಗಾಲದ ಜೊತೆಗೇ ಹೋಗುತ್ತಿದೆ. ಕೆಂಪು ಹಸು ಹೆಣ್ಣು ಕರು ಹಾಕಿದೆ. ಅದು ಹುಟ್ಟಿದ ದಿನವೇ ಎದ್ದು ನಿಂತಿತು, ಅದನ್ನು ನೋಡಿ ಯಾರೂ ‘ಅಯ್ಯೋ, ಎಷ್ಟು ಗಟ್ಟಿಯಾಗಿದೆ’ ಎಂದು ಅಳಲಿಲ್ಲ.

ನಡೆದದ್ದು ಹೀಗೆ. ಹೋದ ಶನಿವಾರ ವೀರಭದ್ರಯ್ಯನವರು, ಅಂದರೆ ನೀನು ನನಗೆ ಗಂಡು ಎಂದು ನೋಡಿದ ಮೇಷ್ಟರ ತಂದೆ, ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಲು ಬಂದವರು ನಮ್ಮ ಮನೆಗೂ ಬಂದರು. ಧಾರೆ ಸೀರೆಯ ರವಿಕೆಯನ್ನು ಗಂಡಿನ ಕಡೆಯವರೇ ಹೊಲಿಸಿ ತರಬೇಕಲ್ಲ, ಒಂದು ಅಳತೆ ರವಿಕೆ ಕೊಡಿ ಎಂದು ಕೇಳಿದರು. ನಾನು ತೋಟದಲ್ಲಿದ್ದೆ. ಅವ್ವ ಒಳಗೆ ಹೋಗಿ ಗಿರಿಜೆಯ ನೀಲಿ ರವಿಕೆಯನ್ನು ಮಡಿಸಿ, ಎಲೆ ಅಡಿಕೆಯ ಜೊತೆ ಅವರ ಚೀಲದಲ್ಲಿಟ್ಟಳು. ಸಂಜೆ ಗಿರಿಜೆ ಪೆಟ್ಟಿಗೆಯೆಲ್ಲ ಕೆದಕಿ ‘ನನ್ ನೀಲಿ ಜಾಕೀಟು ಕಾಣಾಕಿಲ್ವಲ್ಲ ದೊಡ್ಡವ್ವ’ ಎಂದಾಗಲೇ ವಿಷಯ ಹೊರಬಿದ್ದದ್ದು. ಅವ್ವ ತಲೆ ತಗ್ಗಿಸಲಿಲ್ಲ. ‘ನಿಂದು ಕಳ್ಸಿದ್ರೆ ಆ ತೋಳು ನೋಡಿ ದರ್ಜಿನೇ ಕೇಳ್ತಿದ್ದ, ಇದು ಹೆಣ್ಣಿಂದೋ ಗಂಡಿಂದೋ ಅಂತ. ಮೂರು ತಿಂಗ್ಳು ಟೈಮೈತೆ, ಮೈ ಇಳಿಸ್ಕೊ. ಆಗ್ನಿಲ್ಲ ಅಂದ್ರೆ ಒಳಗೆ ಬಟ್ಟೆ ಬಿಟ್ಟಿರ್ತಾರೆ, ಬಿಚ್ಚಿ ಹೊಲ್ಸಣ ಬುಡು’ ಎಂದಳು. ಗಿರಿಜೆ ಕಿಸಕ್ಕನೆ ನಕ್ಕು, ‘ಅಕ್ಕಾ, ರವ್ಕೆ ನಂದೇ ಆದ್ಮೇಲೆ ಹಸೆ ಮೇಲೂ ನಾನೇ ಕೂತ್ಕಂತೀನಿ, ನೀನು ಹಿತ್ಲಲ್ಲಿ ಕಲ್ಲು ಎತ್ಕಂಡಿರು’ ಎಂದಳು. ನನಗೂ ನಗು ಬಂತು. ಬಂದ ನಗುವಿನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು.

ಗಿರಿಜೆಯ ಅಳತೆ ಎಂಥದೆಂದು ನಿನಗೆ ಗೊತ್ತಿರಲಿ. ದೀಪಾವಳಿಯ ಹೊತ್ತಿಗೆ ಟೈಫಾಯ್ಡ್ ಹಿಡಿದು ಒಂದು ತಿಂಗಳು ಬರೀ ಗಂಜಿ ಕುಡಿದು ಮಲಗಿದ್ದಳು. ಎದ್ದ ಮೇಲೆ ಹೊಲಿಸಿದ ರವಿಕೆ ಅದು. ಕಾಯಿಲೆ ತಿಂದು ಬಿಟ್ಟ ಮೈಗೆ ನನ್ನ ಮೈ ಸರಿಹೊಂದಬೇಕಂತೆ. ಒಂದೇ ಅಡುಗೆಮನೆಯಲ್ಲಿ ಅವಳಿಗೆ ಮೈ ಹಿಡಿಯಲಿ ಎಂದು ಮುದ್ದೆಯ ಮೇಲೆ ತುಪ್ಪ, ನನಗೆ ಮೈ ಇಳಿಯಲಿ ಎಂದು ಎರಡು ಮುದ್ದೆಯಲ್ಲಿ ಒಂದು ಕಡಿತ. ಆ ಒಂದನ್ನೂ ಅವ್ವ ದಿನದಿಂದ ದಿನಕ್ಕೆ ಸಣ್ಣದು ಮಾಡುತ್ತಿದ್ದಾಳೆ. ನನ್ನ ಕೆಲಸವನ್ನು ಮಾತ್ರ ಯಾರೂ ಅರ್ಧ ಮಾಡಿಲ್ಲ. ತೋಟದಿಂದ ಕಾಯಿ ಹೊತ್ತು ಬರುವಾಗ ನಾನು ಪೂರ್ತಿ ಆಳು, ತಟ್ಟೆಯ ಮುಂದೆ ಕುಳಿತಾಗ ಅರ್ಧ.

ನಿನ್ನ ಕೈಯೂ ಇದೆ ಎಂದೆ. ಸಂಕ್ರಾಂತಿಗೆ ಮೊದಲು ನೀನು ಅವ್ವನಿಗೆ ಬರೆದ ಕಾಗದವನ್ನು ಓದಿ ಹೇಳಿದವಳು ನಾನೇ. ಅವ್ವನಿಗೆ ಓದಲು ಬರುವುದಿಲ್ಲವೆಂದು ಮರೆತಿದ್ದೆಯೋ, ನನ್ನ ಬಾಯಿಂದಲೇ ಹೇಳಿಸಬೇಕೆಂದಿದ್ದೆಯೋ ಗೊತ್ತಿಲ್ಲ. ‘ಗಂಗಿಗೆ ಕಲ್ಲು ಎತ್ತುವುದನ್ನು ಬಿಡಿಸು. ಮೈ ದಪ್ಪವಾದರೆ ಗಂಡಸಿನ ಹಾಗೆ ಕಾಣುತ್ತಾಳೆ. ಮೇಷ್ಟರ ಮನೆಯವರಿಗೆ ಹುಡುಗಿ ತೆಳ್ಳಗಿದ್ದಾಳೆ ಎಂದು ಹೇಳಿದ್ದೇನೆ.’ ನನ್ನ ಬಗ್ಗೆಯ ಈ ಮೂರು ಮಾತನ್ನೂ ಒಂದಕ್ಷರ ನುಂಗದೆ ಜೋರಾಗಿ ಓದಿದೆ. ಅವ್ವ ಒಲೆಯ ಮುಂದಿನಿಂದಲೇ ‘ನೋಡ್ದಾ, ನಿಮ್ಮಣ್ಣನೇ ಹೇಳವ್ನೆ’ ಎಂದಳು.

ಅಣ್ಣ, ನನಗೆ ಎತ್ತುವುದನ್ನು ಕಲಿಸಿದವನು ಯಾರು? ನೀನು ಗರಡಿಯಿಂದ ಬಂದು ಹಿತ್ತಿಲಲ್ಲಿ ಗುಂಡುಕಲ್ಲು ಎತ್ತುತ್ತಿದ್ದಾಗ ನಾನು ಹನ್ನೆರಡು ವರ್ಷದವಳು. ಒಂದು ದಿನ ಚಿಕ್ಕ ಗುಂಡನ್ನು ನಾನೇ ಎತ್ತಲು ಹೋದಾಗ ನೀನು ಬೈಯಲಿಲ್ಲ. ‘ಸೊಂಟದಾಗೆ ಎತ್ಬ್ಯಾಡ ಕಣೇ, ತೊಡೇಲಿ ಎತ್ತು. ಇಳಿಸೋವಾಗ ಮಲಗಿದ್ ಮಗೀನ ಇಳಿಸ್ದಂಗೆ ಇಳ್ಸು’ ಎಂದೆ. ಆಗ ನಿನ್ನ ತೋಳು ಉಬ್ಬಿದ್ದಕ್ಕೆ ಅವ್ವ ಹಾಲಿಗೆ ಬಾದಾಮಿ ಅರೆದು ಹಾಕಿದಳು. ನಿನ್ನ ಅಂಗಿಯ ತೋಳು ಬಿರಿದಾಗ ಆ ಅಂಗಿಯನ್ನು ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದಳು. ಅದೇ ತಾಯಿ, ಅದೇ ಹಿತ್ತಿಲು, ಅದೇ ಕಲ್ಲು.

ನಾನು ಏನು ಮಾಡಿದೆನೆಂದು ಸರಿಯಾಗಿ ಕೇಳು, ಊರಿನವರ ಬಾಯಿಂದ ಬೇಡ. ತಿಪಟೂರು ಬಸ್ ನಿಲ್ದಾಣದ ಹತ್ತಿರ ಚಾಪೆಯ ಮೇಲೆ ಪುಸ್ತಿಕೆಗಳನ್ನು ಹರಡಿಕೊಂಡು ಕೂರುವವರಿಂದ ಹೆಣ್ಣಿನ ಆರೋಗ್ಯದ ಮೇಲೆ ಇಪ್ಪತ್ತು ಪುಟದ ಒಂದು ಪುಸ್ತಿಕೆ ತಂದೆ. ಭಾರ ಹೊರುವ ಹೆಂಗಸರ ಬೆನ್ನು ಮೂವತ್ತಕ್ಕೇ ಯಾಕೆ ಹೋಗುತ್ತದೆ, ಹೋಗದಂತೆ ಮೈಯನ್ನು ಹೇಗೆ ಗಟ್ಟಿ ಮಾಡಬೇಕು ಎಂದು ಅದರಲ್ಲಿ ಚಿತ್ರ ಸಮೇತ ಇತ್ತು. ಪುಸ್ತಿಕೆ ಓದಿ ಇವಳ ತಲೆ ಕೆಟ್ಟಿದೆ ಎನ್ನುತ್ತೀಯ. ಕೆಟ್ಟಿಲ್ಲ, ಕೆಲಸ ಮಾಡಲು ಶುರುಮಾಡಿದೆ. ಹಿಟ್ಟಿನ ಗಿರಣಿ ಬಂದ ಮೇಲೆ ಮೂಲೆ ಸೇರಿದ್ದ ಬೀಸುಕಲ್ಲಿನ ಮೇಲ್ಗಲ್ಲು ನಮ್ಮದೊಂದು, ನಿಂಗಮ್ಮನ ಮನೆಯದೊಂದು ತಂದು, ನಡುವಿನ ತೂತಿಗೆ ಹಾರೆ ತೂರಿಸಿ, ಜಾರದಂತೆ ನಾರಿನ ಹಗ್ಗ ಸುತ್ತಿ ಬಿಗಿದೆ. ಅವರ ಕಲ್ಲು ಹಗುರ, ಆ ಕಡೆಗೆ ಎರಡು ಇಟ್ಟಿಗೆ ಕಟ್ಟಿದೆ. ನಮ್ಮ ತೋಟದಲ್ಲಿ ಕಾಯಿ ಹೊರುವ ನಿಂಗಮ್ಮ, ಬೋರಮ್ಮ ಇಬ್ಬರೂ ಬೆಳಿಗ್ಗೆ ಕೊಟ್ಟಿಗೆಯ ಹಿಂದೆ ಬರತೊಡಗಿದರು. ‘ದಿನಾ ಕಾಯಿ ಹೊರೋದು ಸಾಲ್ದು ಅಂತ ಇವ್ಳು ಕಲ್ಲು ಬೇರೆ ಹೊರಿಸ್ತಾಳಲ್ಲವ್ವ’ ಎಂದು ನಿಂಗಮ್ಮ ಗೊಣಗುತ್ತಲೇ ಎತ್ತಿದಳು. ಬೋರಮ್ಮ, ‘ಮೀಸೆ ಬಂದ್ರೆ ಬರ್ಲಿ ಬುಡು, ನನ್ ಗಂಡನ ಕತ್ತಿ ಐತೆ, ಇಬ್ರೂ ಒಟ್ಟಿಗೆ ಬೋಳಿಸ್ಕಂತೀವಿ’ ಎಂದಳು. ಆ ದಿನಗಳಲ್ಲಿ ನಾವು ನಕ್ಕಷ್ಟು ನಮ್ಮ ಹಿತ್ತಿಲಲ್ಲಿ ಯಾರೂ ನಕ್ಕಿಲ್ಲ. ಎರಡು ತಿಂಗಳಿಗೆ ನಿಂಗಮ್ಮ ಸೊಂಟ ಹಿಡಿದುಕೊಂಡು ಏಳುವುದನ್ನು ಬಿಟ್ಟಳು.

ನಮ್ಮ ಕಡೆ ಕಾಯಿ ಕೊಬ್ಬರಿಯಾಗಬೇಕಾದರೆ ಅಟ್ಟ ಏರಿ ವರ್ಷವಿಡೀ ಅಲ್ಲೇ ಒಣಗಬೇಕು, ಅದನ್ನು ಏರಿಸುವುದು ಹೆಂಗಸರ ತಲೆ ಎಂಬುದು ಭದ್ರಾವತಿಗೆ ಹೋದ ಮೇಲೆ ನಿನಗೆ ಮರೆತಿರಬಹುದು. ಮಾರ್ಗಶಿರದಲ್ಲಿ ಹೀಗೆ ಏರಿಸುತ್ತಿದ್ದಾಗ ಏಣಿಯ ಮೆಟ್ಟಿಲು ಮುರಿದು ನಿಂಗಮ್ಮ ಕಾಯಿ ತುಂಬಿದ ಮಂಕರಿ ಸಮೇತ ಹಿಂದಕ್ಕೆ ಬಿದ್ದಳು. ಕೆಳಗೆ ನಾನಿದ್ದೆ. ಮಂಡಿ ಬಗ್ಗಿಸಿ ಹೆಗಲು ಕೊಟ್ಟು ತಡೆದೆ. ಕಾಯಿಗಳು ನಡುಮನೆಯೆಲ್ಲ ಉರುಳಿದವು, ಅವಳು ಉರುಳಲಿಲ್ಲ. ಅಪ್ಪ ಬಂದವರಿಗೆಲ್ಲ ‘ನನ್ ಮಗ್ಳು ಕಣ್ರಪ್ಪ, ಕಂಬ ಇದ್ದಂಗವ್ಳೆ’ ಎಂದು ಹೇಳಿದ. ಆ ಹೆಮ್ಮೆ ಎರಡು ದಿನ ಬಾಳಿತು. ಮೂರನೆಯ ದಿನ ಬಾವಿಯ ಹತ್ತಿರ, ‘ಹೆಣ್ಣಾದವ್ಳು ಅಷ್ಟು ಭಾರ ತಡೀತಾಳಾ? ಆ ಕಲ್ಲಿಂದ ಮೈ ಏನೋ ಆಗೈತೆ’ ಎಂಬ ಮಾತು ಹುಟ್ಟಿತು. ಬೋರಮ್ಮನ ಗಂಡ ಅವಳನ್ನು ಬರದಂತೆ ತಡೆದ. ಅವ್ವ ಬೀಸುಕಲ್ಲು ಎರಡನ್ನೂ ಬಚ್ಚಲಿಗೆ ಉರುಳಿಸಿ ಕಾಲು ತಿಕ್ಕುವ ಕಲ್ಲು ಮಾಡಿದಳು. ನಿಂಗಮ್ಮನ ಸೊಂಟ ಮುರಿದಿದ್ದರೆ ಯಾರ ಮರ್ಯಾದೆಗೂ ಕುಂದು ಬರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ವಾರ ಹೆಣ್ಣು ನೋಡಲು ಬಂದರಲ್ಲ, ನಿನಗೆ ರಜೆ ಸಿಗಲಿಲ್ಲವಲ್ಲ, ಆ ದಿನದ ಕಥೆ ಕೇಳು. ಅವ್ವ ನನಗೆ ಎರಡು ಹೆಗಲಿಗೂ ಸೆರಗು ಹೊದಿಸಿ ಕೂರಿಸಿದಳು. ತೋಳು ಕಾಣುತ್ತದೆಂದು ಕಾಫಿಯ ತಟ್ಟೆಯನ್ನು ಗಿರಿಜೆಯ ಕೈಲಿ ಕೊಟ್ಟಳು. ಆ ಮಗುವಿಗೆ ತಟ್ಟೆಯ ಭಾರ ತಡೆಯಲಾಗದೆ ಎರಡು ಲೋಟ ಚೆಲ್ಲಿತು. ನನಗೆ ಎದ್ದು ತಟ್ಟೆ ಹಿಡಿಯುವ ಅಪ್ಪಣೆ ಇರಲಿಲ್ಲ. ವೀರಭದ್ರಯ್ಯನವರು ಸೆರಗಿನ ಮೂಟೆಯಂತೆ ಕುಳಿತಿದ್ದ ನನ್ನನ್ನು ನೋಡಿ ಏನು ಕೇಳಿದರು ಗೊತ್ತೇ? ‘ಹುಡ್ಗಿ ಸಣ್ಣಗವ್ಳೆ ಅಂತ ಅವ್ಳ ಅಣ್ಣನೂ ಅಂದ. ನಮ್ದು ದೊಡ್ಡ ತೋಟ ಕಣಮ್ಮ. ಅಟ್ಟಕ್ಕೆ ಕಾಯಿ ಏರ್ಸಕ್ಕಾಯ್ತದಾ ಇವ್ಳ ಕೈಲಿ?’ ಅವ್ವ ಒಂದು ಉಸಿರೂ ತಡಮಾಡದೆ, ‘ಅಯ್ಯೋ, ಹೂ ಎತ್ತಿದಂಗೆ ಎತ್ತಾಕ್ತಾಳೆ ಕಣ್ರೀ’ ಎಂದಳು. ಆಗ ನನಗೆ ಎಲ್ಲ ತಿಳಿಯಿತು. ಇವರಿಗೆ ಎತ್ತುವ ಹೆಣ್ಣು ಬೇಕು. ಎತ್ತಿದ್ದು ಮೈಮೇಲೆ ಕಾಣಬಾರದು, ಅಷ್ಟೇ. ನನ್ನ ಬಲ ಅವರ ಅಟ್ಟಕ್ಕೆ, ನಾಚಿಕೆ ನನಗೆ.

ನನ್ನದೂ ಒಂದು ತಪ್ಪಿದೆ, ಬರೆಯುತ್ತೇನೆ. ಹೆಂಗಸರು ಭಾರ ಎತ್ತಿದರೆ ಗಂಡಸರ ಹಾಗೆ ಉಬ್ಬುವುದಿಲ್ಲ ಎಂದು ಪುಸ್ತಿಕೆಯಲ್ಲಿ ಬರೆದಿದ್ದಾರೆ. ನಾನು ಅದನ್ನೇ ಹಿಡಿದುಕೊಂಡು ನಿಂಗಮ್ಮನಿಗೆ, ಬೋರಮ್ಮನ ಗಂಡನಿಗೆ, ಅವ್ವನಿಗೆ, ಎಲ್ಲರಿಗೂ ‘ದಪ್ಪ ಆಗಲ್ಲ, ದಪ್ಪ ಆಗಲ್ಲ’ ಎಂದು ಮಾತು ಕೊಡುತ್ತಾ ಹೋದೆ. ಮೊನ್ನೆ ದಾರ ಸುತ್ತಿ ನೋಡಿಕೊಂಡೆ. ಸೊಂಟ ಮೊದಲಿನಷ್ಟೇ ಇದೆ. ತೋಳು ಅರ್ಧ ಬೆರಳು ಹೆಚ್ಚಾಗಿದೆ. ನಿನ್ನ ತೋಳಿನ ಹತ್ತಿರಕ್ಕೂ ಬರುವುದಿಲ್ಲ, ಆದರೆ ಹೆಚ್ಚಾಗಿದೆ. ಹೆಚ್ಚಾದರೇನು? ನಾನು ಆ ಮಾತು ಕೊಡಲೇಬಾರದಿತ್ತು. ದಪ್ಪ ಆಗುವುದಿಲ್ಲ, ಅದಕ್ಕೇ ಎತ್ತಲು ಬಿಡಿ ಎಂದು ಬೇಡಿದ ಕ್ಷಣವೇ, ದಪ್ಪ ಆದರೆ ನಿಲ್ಲಿಸುವ ಹಕ್ಕು ನಿಮಗಿದೆ ಎಂದು ಒಪ್ಪಿಕೊಂಡ ಹಾಗಾಯಿತು. ಇನ್ನು ಮೇಲೆ ಯಾರಿಗೂ ಆ ಮಾತು ಹೇಳುವುದಿಲ್ಲ.

ಮೇಷ್ಟರ ಮೇಲೆ ನನಗೆ ಸಿಟ್ಟಿಲ್ಲ. ಬಂದವರಲ್ಲಿ ನನ್ನ ಮುಖ ನೋಡಿ ಮಾತನಾಡಿದವರು ಅವರೊಬ್ಬರೇ. ಗೂಡಿನಲ್ಲಿದ್ದ ಪುಸ್ತಿಕೆಗಳನ್ನು ನೋಡಿ ‘ಇವೆಲ್ಲ ಓದೋರು ಯಾರು?’ ಎಂದು ಕೇಳಿದರು, ನಾನು ಎಂದೆ. ‘ಒಂದು ಕೊಟ್ಟರೆ ಓದಿ ವಾಪಸ್ ಕೊಡ್ತೀನಿ’ ಎಂದರು. ಅವ್ವ ಕಣ್ಣು ಬಿಟ್ಟಿದ್ದರಿಂದ ಕೊಡಲಾಗಲಿಲ್ಲ. ನಿಜ ಹೇಳುತ್ತೇನೆ, ಆ ಮನುಷ್ಯ ನನಗೆ ಬೇಡವಾಗಿಲ್ಲ. ಬೇಡವಾಗಿದ್ದರೆ ರವಿಕೆ ಯಾರದಾದರೇನೆಂದು ಸುಮ್ಮನಿದ್ದು, ಹಸೆಯ ದಿನ ಅದರ ತೋಳು ಹರಿದುಕೊಂಡು ಎದ್ದು ಬರುತ್ತಿದ್ದೆ. ಬೇಕಾದ್ದರಿಂದಲೇ ಈ ಸುಳ್ಳು ನನ್ನನ್ನು ಸುಡುತ್ತಿದೆ. ಅವರು ಒಪ್ಪಿರುವುದು ಯಾರನ್ನು? ಜ್ವರದಿಂದ ಎದ್ದ ಗಿರಿಜೆಯ ಅಳತೆಯನ್ನು, ನೀನು ಹೇಳಿದ ತೆಳ್ಳನೆಯ ಹುಡುಗಿಯನ್ನು. ಆ ಹುಡುಗಿಯಾಗಿ ಆ ಮನೆಯಲ್ಲಿ ನಾನು ಎಷ್ಟು ವರ್ಷ ಸೆರಗು ಹೊದ್ದು ಕೂರಬೇಕು?

ಕಾಗದ ಉದ್ದವಾಯಿತು, ಶಾಯಿಯೂ ತೀರುತ್ತಾ ಬಂತು. ಕಾರ್ಖಾನೆಯ ಪಾಳಿ ಮುಗಿಸಿ ಬಂದು ಹಸಿದುಕೊಂಡು ಮಲಗಬೇಡ. ಅಪ್ಪ ಅವ್ವ ಇಬ್ಬರೂ ನಿನ್ನನ್ನು ಕೇಳಿದ್ದಾರೆ. ಗಿರಿಜೆ ನಮಸ್ಕಾರ ಹೇಳಿದ್ದಾಳೆ. ನಿನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ಸುಟ್ಟ ಕೈ ಬೇಗ ಮಾಯಲಿ ಎಂದು ದಿನಾ ಕೇಳಿಕೊಳ್ಳುತ್ತೇನೆ.

ನಿನ್ನ ತಂಗಿ,
ಸಿದ್ದಗಂಗಮ್ಮ

ಮರೆತದ್ದು: ಮರೆತದ್ದಲ್ಲ, ಅವ್ವ ಪಕ್ಕದಲ್ಲಿ ಓಡಾಡುತ್ತಿದ್ದುದರಿಂದ ಕೊನೆಗೆ ಉಳಿಸಿಕೊಂಡದ್ದು. ಅವಳಿಗೆ ಓದಲು ಬರದಿದ್ದರೂ ನನ್ನ ಮುಖ ಓದುತ್ತಾಳೆ. ನನ್ನ ಹಳದಿ ರವಿಕೆಯನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಭಾನುವಾರ ಶಾಲೆಯಿಲ್ಲ, ಮೇಷ್ಟರು ಮನೆಯಲ್ಲಿರುತ್ತಾರೆ. ನಾನೇ ಹೋಗಿ, ನನ್ನ ಅಳತೆ ಇದು, ಆ ನೀಲಿ ರವಿಕೆ ಕೊಡಿ, ಈಗಲೂ ಒಪ್ಪಿಗೆಯಿದ್ದರೆ ಹೇಳಿ ಎಂದು ಕೇಳುತ್ತೇನೆ. ಬೇಡವೆಂದರೆ ಅಳುತ್ತೇನೋ ಏನೋ, ವಾಪಸ್ ಬಂದು ಬಚ್ಚಲಿನಿಂದ ಕಲ್ಲು ಎತ್ತಿಕೊಳ್ಳುತ್ತೇನೆ. ಅಪ್ಪನಿಗೆ ಹೇಳಿದೆ. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ, ‘ಒಬ್ಳೇ ಹೋಗ್ಬ್ಯಾಡ ಕಣವ್ವ’ ಎಂದ. ತೆಳ್ಳಗಿದ್ದಾಳೆ ಎಂದು ಅವರಿಗೆ ಹೇಳಿದವನು ನೀನು. ಅದು ಸುಳ್ಳು ಎಂದು ಅವರ ಜಗಲಿಯ ಮೇಲೆ ನಿಂತು ಹೇಳಬೇಕಾದವನೂ ನೀನೇ. ಶನಿವಾರ ಸಂಜೆಯ ರೈಲಿಗೆ ಹೊರಡು. ಫೆಬ್ರವರಿ 26, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ ತಿಪಟೂರು ಬಸ್ ನಿಲ್ದಾಣದಲ್ಲಿ, ಮೇಷ್ಟರ ಊರಿಗೆ ಹೋಗುವ ತುರುವೇಕೆರೆ ಬಸ್ಸು ನಿಲ್ಲುವ ಕಡೆ ಇರುತ್ತೇನೆ. ಬಸ್ಸು ಹತ್ತೂಕಾಲಿಗೆ.