ಸನ್ಮಾನದ ಊಟ

ಹುಣಸೂರು, ಶುಕ್ರವಾರ

ಸನ್ಮಾನ ಸಮಿತಿಯ ಅಧ್ಯಕ್ಷರಾದ ಕಾಂತರಾಜು ಅವರಿಗೆ ಮರಗೆಲಸದ ಮುದಸ್ಸಿರ್ ಮಾಡುವ ನಮಸ್ಕಾರ.

ಲಕ್ಷ್ಮಣತೀರ್ಥ ಹೊಳೆಯನ್ನು ಶುಚಿ ಮಾಡುವ ನಮಗೆ ಭಾನುವಾರ ನಿಮ್ಮ ಕಲ್ಯಾಣಮಂಟಪದಲ್ಲಿ ಶಾಲು ಹೊದಿಸಿ ಊಟ ಹಾಕಿಸುತ್ತೀರೆಂದು ತಿಳಿಯಿತು. ಸಂತೋಷ. ಮೈಕಿನ ಮುಂದೆ ನನಗೆ ಮಾತು ಬರುವುದಿಲ್ಲ. ಓದಿದ್ದೂ ಐದನೇ ಕ್ಲಾಸು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಡುಗೆಮನೆಯ ಪೈಪು ಹಿಂಬದಿಯಲ್ಲಿ ನೇರ ಹೊಳೆಗೆ ಬೀಳುತ್ತದೆ. ಪ್ರತಿ ಮದುವೆಯ ಮರುದಿನ ನಾವು ಅಲ್ಲಿ ಅನ್ನ, ಎಣ್ಣೆಯ ಜಿಡ್ಡು ಬಾಚುತ್ತೇವೆ. ನಿಮ್ಮ ಕರೆ ಬಂದಾಗ ನಮ್ಮ ಜೊತೆಯ ಕುಳ್ಳಮ್ಮಜ್ಜಿ ನಕ್ಕುಬಿಟ್ಟರು. "ಅಲ್ಲಿ ಉಂಡು ಕೈ ತೊಳುದ್ರೆ ಆ ನೀರು ನಾಳೀಕೆ ನಮ್ ಕಾಲ್ಗೇ ಬತ್ತದೆ ಕಣ್ಲಾ ಮಗ. ನಮ್ ಎಂಜ್ಲ ನಾವೇ ಬಾಚ್ಬೇಕಾ?" ಎಂದರು.

ಈ ಕೊಳಕು ನೀರು ಇಂಗಲು ಬೇರೆ ಜಾಗ ಮಾಡಿ ಎಂದು ಮಳೆಗಾಲಕ್ಕೆ ಮುಂಚೆ ಕೇಳಿದಾಗ ನೀವು, "ಆಯ್ತು ಬುಡ್ರಪ್ಪ, ಗುಂಡಿ ತೆಗುಸ್ತೀನಿ" ಎಂದಿದ್ದಿರಿ. ಇನ್ನೂ ತೆಗೆಸಿಲ್ಲ.

ಆದ್ದರಿಂದ ನಾವು ಯಾರೂ ವೇದಿಕೆಗೆ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಆ ಪೈಪಿನ ಬಾಯಿಯ ಹತ್ತಿರವೇ ಇರುತ್ತೇವೆ. ಅದರ ಅಳತೆಗೆ ಸರಿಯಾಗಿ ಒಂದು ಮರದ ಬಿರಡೆ ಕಡೆದಿದ್ದೇನೆ. ಅಷ್ಟರೊಳಗೆ ನೀವೇ ಪೈಪು ಮುಚ್ಚಿಸಿದರೆ ಅದು ಬೇಕಾಗುವುದಿಲ್ಲ. ಆಗ ಶಾಲನ್ನು ಅಲ್ಲಿಗೇ ತಂದು ಕುಳ್ಳಮ್ಮಜ್ಜಿಗೆ ಹೊದಿಸಿ. ನೀರಿನಲ್ಲಿ ನಿಂತು ನಿಂತು ಅವರಿಗೆ ಚಳಿ ಹಿಡಿಯುತ್ತದೆ.

ಮುಚ್ಚಿಸದಿದ್ದರೆ ಊಟಕ್ಕೆ ಮೊದಲೇ ಬಿರಡೆ ಬಡಿಯುತ್ತೇವೆ. ಎಂಜಲು ನೀರು ನಿಮ್ಮ ಅಡುಗೆಮನೆಗೇ ಹಿಂದಿರುಗುತ್ತದೆ. ಅಡುಗೆ ಭಟ್ಟರಿಗೆ ಮುಂಚೆಯೇ ತಿಳಿಸಿಬಿಡಿ. ಮರ ನೀರು ಕುಡಿದು ಊದಿಕೊಂಡ ಮೇಲೆ ಅದನ್ನು ಕೀಳಲು ನನ್ನಿಂದಲೂ ಆಗುವುದಿಲ್ಲ.

ನಿಮ್ಮ ಮಂಟಪದ ಬಾಗಿಲು ಮಾಡಿಕೊಟ್ಟ ಖದೀರ್ ಅವರ ಮಗ,
ಮುದಸ್ಸಿರ್