ಅವನ ಗಾಡಿಯಲ್ಲಿ ನನ್ನ ಸದ್ದು

ಚಿಕ್ಕಲಸಂದ್ರ
19 ಜನವರಿ 2005

ಶೃತಿ,

ಮೊದಲು ‘ಪ್ರೀತಿಯ’ ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ಹೊಸ ಹಾಳೆ ತೆಗೆದುಕೊಳ್ಳುವಷ್ಟು ಮರ್ಯಾದೆ ನಿನಗೆ ಬೇಡ ಅನ್ನಿಸಿ ಅದರಲ್ಲೇ ಮುಂದುವರಿಸುತ್ತಿದ್ದೇನೆ. ಮನೆಗೆ ಫೋನ್ ಮಾಡಿದರೆ ನಿಮ್ಮಪ್ಪ ಎತ್ತುತ್ತಾರೆ. ಅದಕ್ಕೇ ನೀನು ಪಾಠ ಮಾಡುವ ನರ್ಸರಿ ಶಾಲೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಮಕ್ಕಳು ಊಟಕ್ಕೆ ಕೂತಾಗ ಒಬ್ಬಳೇ ಓದು.

ಕಳೆದ ಭಾನುವಾರ ನಾನು ನಿಮ್ಮ ಮನೆಗೆ ಬಂದು ಕೂಗಾಡಿದೆ ಎಂದು ನಿನಗೆ ಹೇಳಿರುತ್ತಾರೆ. ನೀನು ಅವತ್ತು ಇರಲಿಲ್ಲ. ನಾನು ಕೂಗಾಡಲಿಲ್ಲ. ಕೂಗಾಡಬೇಕಿತ್ತು ಎಂದು ಈಗ ಅನ್ನಿಸುತ್ತಿದೆ.

ನಿಮ್ಮ ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದಾಗ, ದಸರಾಕ್ಕೆ ನಮ್ಮೂರು ಗದಗಕ್ಕೆ ಹೋಗುವಾಗ ನನ್ನ ಬೈಕ್ ಆರ್‌ಎಕ್ಸ್ ಹಂಡ್ರೆಡ್‌ನ ಕೀ ನಿನ್ನ ಕೈಗೇ ಕೊಟ್ಟೆ, ನಿನ್ನ ತಮ್ಮನ ಕೈಗಲ್ಲ. ಸುಮ್ಮನೆ ನಿಂತರೆ ಗಾಡಿ ಕೆಡುತ್ತದೆ, ದಿನಾ ಒಂದು ಸಲ ಸ್ಟಾರ್ಟ್ ಮಾಡಿಸು ಎಂದಿದ್ದೆ. ನಮ್ಮಣ್ಣ ಸಂಗಮೇಶ ಓಡಿಸಿ, ತನ್ನ ಲಗ್ನವಾದ ಮೇಲೆ ನನಗೆ ಬಿಟ್ಟುಕೊಟ್ಟ ಗಾಡಿ ಅದು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಿಂದ ಕತ್ತಲಾದ ಮೇಲೆ ಒಬ್ಬಳೇ ಬರುತ್ತಿದ್ದೆನಲ್ಲ, ಯಾವ ಆಟೋದವನ ಮುಲಾಜೂ ಇಲ್ಲದೆ, ಅದು ಆ ಗಾಡಿಯಿಂದ.

ಊರಿಂದ ಬಂದು ಕಿಕ್ ಹೊಡೆದ ದಿನವೇ ಏನೋ ತಪ್ಪಿದೆ ಎನ್ನಿಸಿತು. ಗಂಟಲಿಗೆ ಬಟ್ಟೆ ತುರುಕಿದ ಹಾಗೆ ಸದ್ದು ಸತ್ತುಹೋಗಿತ್ತು. ನಿನ್ನನ್ನು ಕೇಳಿದೆ. ನೀನು ಬಟ್ಟೆ ಒಣಹಾಕುತ್ತಾ, ನನಗೇನು ಗೊತ್ತಾಗುತ್ತೆ ಅಕ್ಕ ಎಂದೆ. ನಿನ್ನ ತಮ್ಮ ರವಿಕಿರಣ್‌ನನ್ನು ಕೇಳಿದರೆ, ಹಳೇ ಗಾಡಿ, ಸೈಲೆನ್ಸರ್ ಒಳಗೆ ಮಸಿ ಕಟ್ಟಿರುತ್ತದೆ ಎಂದ. ನಮ್ಮ ಯೂನಿಟ್ಟಿನಲ್ಲಿ ಆಗ ಎಕ್ಸ್‌ಪೋರ್ಟ್ ಆರ್ಡರ್‌ನ ಗಲಾಟೆ. ಗಾಡಿ ಬಗ್ಗಿ ನೋಡಲು ಪುರುಸೊತ್ತಿರಲಿಲ್ಲ. ನಂಬಿದೆ.

ಆಮೇಲೆ ನಿಮ್ಮ ಬೀದಿಗೆ ಕಿವಿ ಬಂತು. ರಾತ್ರಿ ಹೊತ್ತಲ್ಲಿ ಭಾಗ್ಯಜ್ಯೋತಿಯ ಗಾಡಿ ಬೀದಿ ಮೂಲೆಯಿಂದ ಹೊರಡುತ್ತದಂತೆ. ಬಾರ್ ಮುಂದೆ ಕೇಳಿಸಿತಂತೆ. ಕಣ್ಣಲ್ಲಿ ಕಂಡವರು ಒಬ್ಬರೂ ಇಲ್ಲ, ಕೇಳಿದವರೇ ಎಲ್ಲ. ಸುದ್ದಗುಂಟೆಪಾಳ್ಯದ ಆ ಬೀದಿಯಲ್ಲಿ ಅಂಥ ಸದ್ದಿನ ಗಾಡಿ ಇದ್ದದ್ದು ನನ್ನದೊಂದೇ, ಆದ್ದರಿಂದ ಓಡಾಡುವವಳು ನಾನೇ ಆಗಬೇಕು.

ನಿಮ್ಮಪ್ಪ ತಿಮ್ಮರಾಯಪ್ಪನವರು ನನ್ನನ್ನು ಮನೆಯೊಳಗೆ ಕರೆದು ಹೇಳಬಹುದಿತ್ತು. ಗೇಟಿನ ಹತ್ತಿರ, ಹಾಲಿನವನೂ ಎದುರುಮನೆಯವರೂ ನೋಡುತ್ತಿರುವಾಗ ಹೇಳಿದರು. ನಾ ಎಲ್ಲೂ ಹೋಗಿಲ್ರೀ, ಮ್ಯಾಲೇ ಇದ್ದೆ ಎಂದೆ.

“ನಂಗೇನ್ ಕಿವುಡಾ? ಆ ಸದ್ದು ನಿನ್ ಗಾಡೀದೇ. ನಮ್ಮನೇಲೂ ಮದ್ವೆಗಿರೋ ಮಗಳಿದಾಳೆ ಕಣಮ್ಮ. ಬೇರೆ ಮನೆ ನೋಡ್ಕೋ” ಅಂದರು.

ನೀನು ಬಾಗಿಲಲ್ಲಿ ನಿಂತಿದ್ದೆ. ನಾನು ನಿನ್ನ ಮುಖ ನೋಡಿದೆ. ನೀನು ಒಳಗೆ ಹೋದೆ.

ನಾನು ಚಿಕ್ಕಲಸಂದ್ರಕ್ಕೆ ಬಂದುಬಿಟ್ಟೆ. ಇಲ್ಲಿಂದ ಬೊಮ್ಮನಹಳ್ಳಿ ಎಷ್ಟು ದೂರ ಎಂದು ನಿನಗೆ ಗೊತ್ತು. ಅಪ್ಪನಿಗೆ ಫೋನಿನಲ್ಲಿ, ಹಳೇ ಮನೆಯಲ್ಲಿ ನೀರಿನ ತೊಂದರೆ ಎಂದು ಸುಳ್ಳು ಹೇಳಿದೆ.

ಹೋದ ಭಾನುವಾರ ಜಯನಗರ ಫೋರ್ತ್ ಬ್ಲಾಕ್‌ನ ಸಿಗ್ನಲ್ಲಿನಲ್ಲಿ ನಿಂತಿದ್ದೆ. ನನ್ನ ಹಿಂದಿನಿಂದ ನನ್ನ ಗಾಡಿ ಬಂತು. ಹೌದು, ನಾನು ನನ್ನ ಗಾಡಿಯ ಮೇಲೇ ಕೂತಿದ್ದೆ, ಆದರೆ ಆ ಸದ್ದು ಹಿಂದಿನಿಂದ ಬಂತು. ಒಂದು ಕ್ಷಣ ನನಗೇ ಹುಚ್ಚು ಹಿಡಿಯಿತೇನೋ ಎಂದುಕೊಂಡೆ. ತಿರುಗಿದರೆ ನಿನ್ನ ತಮ್ಮ, ತನ್ನ ಆರ್‌ಎಕ್ಸ್ ಒನ್ ಥರ್ಟಿ ಫೈವ್ ಬೈಕ್ ಮೇಲೆ. ಬಗ್ಗಿ ನೋಡಿದೆ. ಅವನ ಸೈಲೆನ್ಸರಿನ ಕೆಳಗೆ, ನಮ್ಮಣ್ಣ ಹುಬ್ಬಳ್ಳಿ ರಸ್ತೆಯಲ್ಲಿ ಬಿದ್ದಾಗ ಆದ ತಗ್ಗು ಹಾಗೇ ಇತ್ತು.

ಅವನಿಗೆ ಗಾಡಿ ಅಡ್ಡ ನಿಲ್ಲಿಸಿ ಪಕ್ಕಕ್ಕೆ ಕರೆದೆ. ಎಲ್ಲಾ ಒಪ್ಪಿಕೊಂಡ, ನಾಚಿಕೆಯೂ ಇಲ್ಲದೆ. ಹೊಸ ಮಾಡೆಲ್‌ಗಳ ಸದ್ದು ಮಂಕು, ಹಳೇ ಹಂಡ್ರೆಡ್‌ನ ಸೈಲೆನ್ಸರ್ ಹಾಕಿದರೇನೇ ಗಾಡಿ ಹಾಡುವುದು, ಎರಡೂ ನೋಡಲು ಒಂದೇ ಥರ, ಬೋಲ್ಟೂ ಸರಿಯಾಗಿ ಕೂರುತ್ತದೆ, ನೀವು ಊರಿಗೆ ಹೋದಾಗ ಅದಲುಬದಲು ಮಾಡಿಸಿದೆ ಎಂದ. ರಾತ್ರಿ ಹೊರಗೆ ಹೋಗುವುದು ಅಪ್ಪನಿಗೆ ತಿಳಿಯದಿರಲಿ ಎಂದು ಗಾಡಿಯನ್ನು ಬೀದಿ ಮೂಲೆಯ ಗೆಳೆಯನ ಮನೆಯಲ್ಲಿ ಇಡುತ್ತಿದ್ದನಂತೆ. ನನ್ನನ್ನು ಮನೆ ಬಿಡಿಸಿದ್ದು ನೋಡಿಯೂ ಯಾಕೆ ಬಾಯಿ ಬಿಡಲಿಲ್ಲ ಎಂದೆ.

“ಶೃತಿಗೂ ಗೊತ್ತಿತ್ತಲ್ಲ ಅಕ್ಕ. ಅವಳೇ ಕೀ ಕೊಟ್ಟಿದ್ದು” ಅಂದ.

ನಡಿ ನಿಮ್ಮ ಮನೆಗೆ ಎಂದೆ.

ನಾನು ಮುಂದೆ ಬಂದೆ. ನಿಮ್ಮಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು, ನಿಮ್ಮಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಗಾಡಿ ಆಫ್ ಮಾಡಿ ಅವರೆದುರು ನಿಂತೆ. ಆಗ ಬೀದಿಯ ಆ ತುದಿಯಿಂದ ನನ್ನ ಸದ್ದು ಬಂತು. ನಿಮ್ಮಪ್ಪ ತಲೆ ಎತ್ತಿ ಗೇಟಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ, ಮತ್ತೆ ಗೇಟಿನ ಕಡೆ. ಮಗ ಒಳಗೆ ಬಂದು ಗಾಡಿ ನಿಲ್ಲಿಸಿದ. ಈ ಸದ್ದು ಯಾರದು ಈಗ ಹೇಳ್ರಿ ಎಂದೆ. ಅಷ್ಟೇ ನಾನು ಆಡಿದ ಮಾತು.

ಅವರಿಗೆ ಅರ್ಥವಾಯಿತು ಶೃತಿ. ಮುಖದಲ್ಲಿ ಕಂಡೆ. ಪೇಪರ್ ಮಡಿಚಿ ಪಕ್ಕಕ್ಕಿಟ್ಟು, ನಕ್ಕರು.

“ಹುಡುಗ್ರು ಅಂದ್ಮೇಲೆ ಹಿಂಗೇನೇ. ಅದನ್ನೇನ್ ದೊಡ್ಡದು ಮಾಡ್ತೀಯ ಬಿಡಮ್ಮ. ರೂಮು ಖಾಲಿನೇ ಇದೆ, ವಾಪಸ್ ಬಾ.”

ಅದೇ ಸದ್ದು. ಅದೇ ರಾತ್ರಿ, ಅದೇ ಬಾರ್. ಅದು ನಾನು ಎಂದು ಅವರು ಅಂದುಕೊಂಡಿದ್ದಾಗ ನಾನು ಮನೆಯಲ್ಲಿ ಇಟ್ಟುಕೊಳ್ಳಬಾರದ ಹೆಂಗಸು; ಮಗ ಎಂದು ಗೊತ್ತಾದ ಮೇಲೆ ಹುಡುಗರೆಂದರೆ ಹೀಗೇ. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಗೇಟಿನಲ್ಲಿ ನಿಂತು ಕೇಳಿದ ಹಾಲಿನವನಿಗೆ, ಎದುರುಮನೆಯವರಿಗೆ ಯಾರು ಹೋಗಿ ಹೇಳುತ್ತಾರೆ? ರೂಮು ಬೇಡ ಎಂದು ಹೇಳಿ ಬಂದೆ. ನಿನ್ನ ತಮ್ಮನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ, ನಿಂತು ನನ್ನ ಸೈಲೆನ್ಸರ್ ನನ್ನ ಗಾಡಿಗೆ ಹಾಕಿಸಿಕೊಂಡೆ. ಸದ್ದು ಸರಿಯಾಯಿತು. ಸಿಟ್ಟು ಸರಿಯಾಗಲಿಲ್ಲ.

ನನ್ನನ್ನು ಮನೆ ಬಿಡಿಸಿದ ವಾರವೇ ನಿನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು, ಮನೆಯಲ್ಲಿ ಗಲಾಟೆ ಬೇಡವೆಂದು ನೀನು ಸುಮ್ಮನಿದ್ದೆ ಎಂದು ನಿನ್ನ ತಮ್ಮ ಹೇಳಿದ. ಇರಬಹುದು. ನಿನ್ನ ಮಾನ ಉಳಿಸಲು ನನ್ನ ಮಾನ ಬೇಕಾಯಿತೇ? ಹೊಟ್ಟೆನೋವು ಎಂದು ನೀನು ಮಲಗಿದ್ದಾಗ ನನ್ನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದದ್ದೂ ಅದೇ ಗಾಡಿಯಲ್ಲೇ. ಆವತ್ತು ಬೀದಿಯವರು ಯಾರೂ ಸದ್ದು ಕೇಳಿಸಿಕೊಳ್ಳಲಿಲ್ಲ.

ಉತ್ತರ ಬರೆಯುವುದಾದರೆ ನಿನ್ನ ಬಗ್ಗೆ ಬರೆ. ಅಪ್ಪ, ತಮ್ಮ, ಗಂಡಿನ ಕಡೆಯವರು ಯಾರೂ ಅದರಲ್ಲಿ ಬೇಡ.

ಇಂತಿ,
ಭಾಗ್ಯಜ್ಯೋತಿ

ತಾ.ಕ.: ಕಾಗದ ಅಂಟಿಸುವ ಮೊದಲೇ ಗೌರಮ್ಮನವರು ಬಂದಿದ್ದರು. ನಿಮ್ಮಮ್ಮನೇ, ಒಬ್ಬರೇ, ಎರಡು ಬಸ್ಸು ಬದಲಿಸಿ, ನನ್ನ ಮನೆ ಕೇಳಿಕೊಂಡು. ಕೂತ ಮೇಲೆ ಹೇಳಿದರು: “ಆವತ್ತು ರಾತ್ರಿ ಮೇಲೆ ನಿನ್ ಬಚ್ಚಲಲ್ಲಿ ನೀರು ಬೀಳೋದು ನಂಗೆ ಕೇಳ್ತಿತ್ತು. ಬೀದೀಲಿ ಗಾಡಿನೂ ಕೇಳ್ತು. ಎರಡೂ ಕಡೆ ನೀನೇ ಇರಕ್ಕಾಗಲ್ಲ ಅಂತ ಗೊತ್ತಿತ್ತು ಕಣಮ್ಮ. ಬಾಯಿ ಬರಲಿಲ್ಲ.” ಹೊರಡುವಾಗ ಮೆಟ್ಟಿಲಲ್ಲಿ ನಿಂತು, ನಮ್ಮ ಶೃತಿಗೆ ಗಾಡಿ ಓಡಿಸುವುದು ಕಲಿಸುತ್ತೀಯಾ, ನಮ್ಮನೆಯವರಿಗೆ ಹೇಳುವುದು ಬೇಡ ಎಂದು ಕೇಳಿದರು. ನಾನು ಹೂಂ ಅನ್ನಲಿಲ್ಲ. ಇಲ್ಲಿ ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುತ್ತದೆ. ಬರುವುದಾದರೆ ಶೂ ಹಾಕಿಕೊಂಡು ಬಾ. ಚಪ್ಪಲಿ ಕಾಲಲ್ಲಿ ಕಿಕ್ ಹೊಡೆಯಲು ನಾನು ಬಿಡುವುದಿಲ್ಲ.