ಉಣುಗಿನ ನಕ್ಷೆಯಲ್ಲಿ ಕೆಂಗೇರಿ ಬೆಳ್ಳಗಿದೆ

ಜಾನುವಾರು ಉಣುಗು ಹರಡುವಿಕೆ ಸಮೀಕ್ಷೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ತಮ್ಮ ನಕ್ಷೆಯ ಪ್ರಕಾರ ಕೆಂಗೇರಿಯಲ್ಲಿ ಉಣುಗಿಲ್ಲ. ಹೋದ ಗುರುವಾರ ಬೆಳಿಗ್ಗೆ ಏಳೂವರೆಗೆ, ಇದೇ ಕೆಂಗೇರಿಯಲ್ಲಿ, ನಮ್ಮ ಹಿತ್ತಲಿನಾಚೆಯ ಖಾಲಿ ಸೈಟಿನಲ್ಲಿ, ಹನುಮವ್ವ ಎಂಬುವಳ ಏಳು ತಿಂಗಳ ಗಬ್ಬದ ಹಸು ಉಣುಗಿನ ಜ್ವರದಿಂದ ಸತ್ತಿತು. ಇವೆರಡರಲ್ಲಿ ಒಂದು ಸುಳ್ಳಿರಬೇಕು. ಹಸು ಸತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಾಗಿಸಲು ಬಂದ ಗಾಡಿಯವನಿಗೆ ಹಗ್ಗ ಕೊಟ್ಟವಳೂ ನಾನೇ. ಆದ್ದರಿಂದ ನಕ್ಷೆಯ ಬಗ್ಗೆ ತಮ್ಮನ್ನು ಕೇಳುವುದು ಅನಿವಾರ್ಯವಾಗಿದೆ.

ತಾವು ಉಣುಗನ್ನು ಕಡತದಲ್ಲಿ ನೋಡಿರುತ್ತೀರಿ. ಹಸುವಿನ ಮೈಮೇಲೆ ನೋಡಿದ್ದೀರೋ ಇಲ್ಲವೋ ನನಗೆ ತಿಳಿಯದು. ಮೊದಲು ಸಾಸಿವೆ ಕಾಳಿನಷ್ಟಿರುತ್ತದೆ. ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ಕಚ್ಚಿಕೊಂಡು ರಕ್ತ ಕುಡಿದು ಹರಳುಬೀಜದಷ್ಟು ಊದುತ್ತದೆ. ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರಿ ಕೊಟ್ಟಿಗೆಯ ಗೋಡೆ ಬಿರುಕಿಗೆ ಹೋಗಿ ಸೇರಿಕೊಳ್ಳುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ. ಇದು ನಮ್ಮ ಬೀದಿಯಲ್ಲಿ ಕೋಳಿಗಳಿಗೂ ಗೊತ್ತು, ಅವು ಬೆಳಗಾದರೆ ಅದೇ ಗೋಡೆಯ ಬುಡ ಕೆದಕುತ್ತಿರುತ್ತವೆ. ತಮ್ಮ ಸಮೀಕ್ಷೆಗೆ ಮಾತ್ರ ಗೊತ್ತಾಗಲಿಲ್ಲ.

ನಕ್ಷೆಯನ್ನು ಪಶು ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದಾರೆ. ಚೆನ್ನಾಗಿದೆ, ಬಣ್ಣದ ಖರ್ಚಿಗೆ ಹಿಂದೆಮುಂದೆ ನೋಡಿಲ್ಲ. ಬಿಡದಿ ಕೆಂಪು. ಕುಂಬಳಗೋಡು ಗುಲಾಬಿ. ಕೆಂಗೇರಿಯಿಂದ ಅತ್ತಿಗುಪ್ಪೆ, ಕಾಮಾಕ್ಷಿಪಾಳ್ಯದವರೆಗೆ ಹಾಲು ಚೆಲ್ಲಿದಂತೆ ಬಿಳಿ. ಬಿಡದಿಯಿಂದ ಮೈಸೂರು ರಸ್ತೆ ಹಿಡಿದು ಬಂದ ಉಣುಗು ಕುಂಬಳಗೋಡಿನಲ್ಲಿ ಇಳಿದು, ಇನ್ನು ಮುಂದೆ ಬೃಹತ್ ಬೆಂಗಳೂರು, ನಮಗೆ ಪ್ರವೇಶವಿಲ್ಲ ಎಂದು ವಾಪಸು ಹೋಗುತ್ತದೆಯೇ ಸ್ವಾಮಿ? ಹೋದ ವರ್ಷ ನಮ್ಮ ಪುರಸಭೆಯನ್ನು ನಗರಕ್ಕೆ ಸೇರಿಸಿದ ಆದೇಶದ ಪ್ರತಿಯನ್ನು ಅದಕ್ಕೂ ಕಳುಹಿಸಿದ್ದಿರೇ? ಈಗಲೂ ನಮ್ಮ ಬೀದಿಯಲ್ಲಿ ಹತ್ತೊಂಬತ್ತು ಮನೆಗಳಲ್ಲಿ ಹಸುಗಳಿವೆ. ರೈಲು ನಿಲ್ದಾಣದ ಹಿಂದೆ ಮೇಯುತ್ತವೆ, ಸ್ಯಾಟಲೈಟ್ ಟೌನಿನ ಆಫೀಸಿನವರೆಲ್ಲ ಬೆಳಿಗ್ಗೆ ಇವುಗಳ ಹಾಲಿನಲ್ಲೇ ಕಾಫಿ ಕುಡಿದು ಬಸ್ಸು ಹತ್ತುತ್ತಾರೆ.

ಈಗ ನನಗೆ ಕಷ್ಟವಾದ ಭಾಗಕ್ಕೆ ಬರುತ್ತೇನೆ. ಆ ಬಿಳಿ ಬಣ್ಣದಲ್ಲಿ ನನ್ನ ಪಾಲೂ ಇದೆ.

ಜನವರಿಯಲ್ಲಿ ಹಾಲಿನ ಡೈರಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಹದಿನಾರನೇ ತಾರೀಖು ಸಮೀಕ್ಷೆಯವರು ಬರುತ್ತಾರೆ, ಜಾನುವಾರು ಇರುವವರೆಲ್ಲ ಸಹಕರಿಸಬೇಕು ಎಂದು. ತಾರೀಖನ್ನು ಯಾವ ಪುಣ್ಯಾತ್ಮರು ನಿಗದಿ ಮಾಡಿದರೋ! ಸಂಕ್ರಾಂತಿ ನಮ್ಮ ಕಡೆ ದನಗಳ ಹಬ್ಬ. ಹಸುವಿನ ಮೈ ತೊಳೆದು, ಉಣುಗು ಆರಿಸಿ, ಅರಿಸಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತೇವೆ. ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಹಸು ಅತ್ಯಂತ ಚೊಕ್ಕಟವಾಗಿರುವ ದಿನದ ಮರುದಿನವನ್ನೇ ಹುಡುಕಿ ಆರಿಸಿದ್ದೀರಿ. ಬಿಡದಿಗೆ ನಿಮ್ಮವರು ಹೋದದ್ದು ಮಳೆಗಾಲದಲ್ಲಂತೆ. ಅಲ್ಲಿ ಕೆಂಪು, ಇಲ್ಲಿ ಬಿಳಿ ಬಂದದ್ದರಲ್ಲಿ ಆಶ್ಚರ್ಯವೇನಿದೆ?

ಆದರೆ ಹಬ್ಬದ ಮೇಲೆ ಎಲ್ಲವನ್ನೂ ಹೊರಿಸಿದರೆ ನಾಲಿಗೆ ಬಿದ್ದುಹೋಗುತ್ತದೆ. ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಇನ್‌ಸ್ಪೆಕ್ಟರ್ ಬರುವ ಹಿಂದಿನ ದಿನ ಶಾಲೆ ತೊಳೆಸಿ, ಮಗ್ಗಿ ಬಾರದ ಮಕ್ಕಳಿಗೆ ನಾಳೆ ಬರಬೇಡಿ ಎಂದು ಹೇಳಿ ಕಳುಹಿಸುತ್ತಿದ್ದ ಜಾತಿ ನಮ್ಮದು. ಹಬ್ಬದ ದಿನ ತೊಳೆದದ್ದು ಸಾಲದೆಂದು ಹದಿನಾರರ ಬೆಳಿಗ್ಗೆ ಮತ್ತೊಮ್ಮೆ ಬೇವಿನೆಣ್ಣೆ ಹಿಡಿದು ನಮ್ಮ ನಾಟಿ ಹಸು ತುಂಗೆಯ ಕಿವಿ, ಕತ್ತಿನಡಿ ಜೋಲುವ ಗಂಗೆದೊಗಲು ಎಲ್ಲ ತಡಕಿದೆ. ಆಮೇಲೆ ಮನೆಮನೆಗೂ ಹೋಗಿ, ಅಧಿಕಾರಿಗಳು ಬರುತ್ತಾರೆ, ಒಂದು ಉಣುಗು ಕಂಡರೂ ನಮ್ಮ ಬೀದಿಯ ಮರ್ಯಾದೆ ಹೋಗುತ್ತದೆ ಎಂದು ಹೇಳಿ ಬಂದೆ. ಬಹುಪಾಲು ಮನೆಯವರು ಬಾಲ್ಯದಲ್ಲಿ ನನ್ನ ಕೈಯಲ್ಲಿ ಏಟು ತಿಂದವರು, ಎದುರಾಡಲಿಲ್ಲ.

ಎದುರಾಡಿದವಳು ಹನುಮವ್ವ ಒಬ್ಬಳೇ. ಅವಳು ಮುದ್ದೇಬಿಹಾಳದ ಕಡೆಯವಳು. ಗಂಡ ದುಂಡಪ್ಪ ಗಾರೆ ಕೆಲಸಕ್ಕೆ ಹೋಗುತ್ತಾನೆ. ಖಾಲಿ ಸೈಟಿನಲ್ಲಿ ತಗಡಿನ ಮನೆ, ಪಕ್ಕದಲ್ಲೇ ಒಂದು ಮಾಡು, ಅದರಡಿ ಒಂದೇ ಒಂದು ಸೀಮೆ ಹಸು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಸೊಂಟದ ಮೇಲೆ ಕೈ ಇಟ್ಟು, "ಅಕ್ಕಾರ, ಉಣ್ಣಿ ಎಣಸಾಕ ಬರಾವ್ರಿಗೆ ಉಣ್ಣಿ ಆರಿಸಿ ಒಗದು ತೋರಸೂದು ಯಾವ ಶಾಣ್ಯಾತನರೀ?" ಎಂದಳು. ಅವರ ಕಡೆ ಉಣುಗಿಗೆ ಉಣ್ಣಿ ಎನ್ನುತ್ತಾರೆ. ಇಲ್ಲಿಯ ರೀತಿ ನಿನಗೆ ತಿಳಿಯುವುದಿಲ್ಲ, ಹೇಳಿದಷ್ಟು ಮಾಡು ಎಂದು ಗದರಿಸಿದೆ. ಪಾಪ, ಸಂಜೆಯತನಕ ಕೂತು ಆರಿಸಿದಳು.

ತಾರೀಖು ಹದಿನಾರೇ ಆದರೂ ಬರುವಾಗ ಸಂಜೆಯಾಗಿತ್ತು. ಬಂದವರು ಗೋಪೀನಾಥ ಎಂಬ ಸಭ್ಯರು. ಕೈಯಲ್ಲಿ ಭೂತಗನ್ನಡಿ, ಚಿಮಟ, ಪುಟ್ಟ ಪುಟ್ಟ ಸೀಸೆಗಳು. ಒಂದು ಸೀಸೆಯ ಮುಚ್ಚಳವನ್ನೂ ತೆಗೆಯುವ ಪ್ರಮೇಯ ಬರಲಿಲ್ಲ. ಅವರಿಗೂ ಅನುಮಾನ ಬಂದಿರಬೇಕು. ಬೀದಿಯ ಕೊನೆಯಲ್ಲಿ ನಿಂತು, "ನಿಜವಾಗ್ಲೂ ಇಲ್ಲಿ ಉಣುಗು ಇಲ್ವಾ ಮೇಡಂ?" ಎಂದು ಕೇಳಿದರು. "ಒಂದೂ ಇಲ್ಲ ಸಾರ್," ಎಂದೆ ನಾನು. ಎಳ್ಳುಬೆಲ್ಲ ಕೊಟ್ಟು, ಕಾಫಿ ಕುಡಿಸಿ ಕಳುಹಿಸಿದೆ. ಇಷ್ಟು ಕ್ಲೀನಾಗಿ ಸಾಕಿರುವ ಬೀದಿ ನೋಡಿಲ್ಲ ಎಂದು ಅವರು ಹೊಗಳಿದ್ದನ್ನು ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಾಚಿಕೆಯಾಗಬೇಕು ನನಗೆ, ಆಗಿದೆ.

ಆದರೆ ಮಾನ್ಯರೇ, ಒಬ್ಬ ನಿವೃತ್ತ ಮೇಷ್ಟ್ರಮ್ಮ ಹೇಳಿದ ಒಂದು ಮಾತಿಗೆ ಒಂದು ಇಡೀ ಪ್ರದೇಶ ಬಿಳಿಯಾಗಬಹುದೇ? ನಿಮ್ಮವರು ಹಸು ನೋಡಿದರು, ಗೋಡೆ ನೋಡಲಿಲ್ಲ. ಒಂದು ಬಿರುಕಿಗೆ ಕಡ್ಡಿ ಹಾಕಿದ್ದರೆ ನನ್ನ ಬಣ್ಣ ಅಲ್ಲೇ ಬಯಲಾಗುತ್ತಿತ್ತು. ಮತ್ತೊಮ್ಮೆ, ಮಳೆ ಬಿದ್ದ ಮೇಲೆ, ಹೇಳದೆ ಕೇಳದೆ ಬಂದಿದ್ದರೂ ಆಗುತ್ತಿತ್ತು. ಅತ್ತಿಗುಪ್ಪೆಯಲ್ಲೂ ಕಾಮಾಕ್ಷಿಪಾಳ್ಯದಲ್ಲೂ ನನ್ನಂಥ ಒಬ್ಬೊಬ್ಬಳು ಇದ್ದೇ ಇರುತ್ತಾಳೆಂದು ಯಾರಿಗೂ ಹೊಳೆಯಲಿಲ್ಲವೇ?

ಜೂನ್ ಕೊನೆಯಲ್ಲಿ ಹನುಮವ್ವನ ಹಸು ಮೇವು ಬಿಟ್ಟಿತು. ಮೈ ಕಾದ ಹೆಂಚು, ಕತ್ತಿನ ಪಕ್ಕ ನಿಂಬೆಹಣ್ಣಿನ ಗಾತ್ರದ ಗಂಟು, ಕೆಮ್ಮು. ಪಶು ವೈದ್ಯರು ಒಳ್ಳೆಯವರು. ಬಂದು ನೋಡಿ, ಇದು ಉಣುಗಿನಿಂದ ಬರುವ ಜ್ವರ, ನಾಟಿ ಹಸು ಹೇಗೋ ತಡೆದುಕೊಳ್ಳುತ್ತದೆ, ಸೀಮೆ ಹಸು ತಡೆಯುವುದಿಲ್ಲ, ಎರಡು ದಿನದೊಳಗೆ ಚುಚ್ಚುಮದ್ದು ಬೀಳಬೇಕು ಎಂದರು. ಹಾಗಾದರೆ ಹಾಕಿ ಎಂದೆವು. ಅವರು ತಲೆ ತಗ್ಗಿಸಿದರು. ಔಷಧಿ ನಕ್ಷೆಯ ಪ್ರಕಾರ ಬರುತ್ತದಂತೆ. "ನಿಮ್ಮ ಏರಿಯಾಗೆ ಅಲಾಟ್‌ಮೆಂಟೇ ಇಲ್ಲ ಮೇಡಂ. ಸರ್ವೇಲಿ ಒಂದೂ ಸಿಕ್ಕಿಲ್ಲ ಅಂತ ಬರ್ದಿದಾರೆ," ಎಂದರು. ಹನುಮವ್ವ ಹಸುವಿನ ಕತ್ತಿನ ಮೇಲೆ ಕೈ ಇಟ್ಟುಕೊಂಡೇ ತಿರುಗಿ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ದುಂಡಪ್ಪ ಕೆಲಸ ಬಿಟ್ಟು ಬಿಡದಿಗೆ ಓಡಿದ. ಅಲ್ಲಿ ಔಷಧಿ ಇತ್ತು. ಆದರೆ ನಿಮ್ಮಲ್ಲಿ ಉಣುಗೇ ಇಲ್ಲವಲ್ಲಪ್ಪ, ಬೇರೆ ಪ್ರದೇಶಕ್ಕೆ ಕೊಟ್ಟರೆ ನಮ್ಮನ್ನು ಕೇಳುತ್ತಾರೆ ಎಂದು ವಾಪಸು ಕಳುಹಿಸಿದರು. ನಾನು ಮೆಜೆಸ್ಟಿಕ್ ಸುತ್ತಮುತ್ತಲ ಔಷಧಿ ಅಂಗಡಿಗಳನ್ನೆಲ್ಲ ಸುತ್ತಿದೆ. ಎಲ್ಲಿಯೂ ದಾಸ್ತಾನಿಲ್ಲ, ತರಿಸಲು ವಾರ ಬೇಕು ಎಂದರು. ಐದನೆಯ ದಿನ ವೈದ್ಯರೇ ಯಾರನ್ನೋ ಕಾಡಿ ಬೇಡಿ ಒಂದು ಸೀಸೆ ತಂದು ಚುಚ್ಚಿದರು. ಅಷ್ಟರಲ್ಲಿ ಹಸು ನೆಲ ಹಿಡಿದಿತ್ತು. ಗುರುವಾರ ಹೊಟ್ಟೆಯ ಕರುವಿನ ಸಮೇತ ಹೋಯಿತು. ಗಾಡಿ ಹೋದ ಮೇಲೆ ಹನುಮವ್ವ ಖಾಲಿ ಮಾಡಿನ ಕೆಳಗೆ ಕೂತು, "ಅವತ್ತ ನಾ ಹೇಳಿದ್ದೆ ಅಕ್ಕಾರ," ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂದಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಈ ಪತ್ರ ಬರೆಯುವಾಗಲೂ ಮೂರು ಸಲ ಎದ್ದು ಹೋಗಿ ತುಂಗೆಯ ಕಿವಿ ಮುಟ್ಟಿ ಬಂದೆ. ಅವಳಿಗೇನೂ ಆಗಿಲ್ಲ, ಹಾಯಾಗಿ ಮೆಲುಕು ಹಾಕುತ್ತಿದ್ದಾಳೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಮರ್ಯಾದೆಯ ಚೆಲ್ಲಾಟ ನನ್ನದು, ಪ್ರಾಣ ಹೋದದ್ದು ಅವಳ ಹಸುವಿಗೆ. ಇನ್ನೂ ಮುಗಿದಿಲ್ಲ. ಮೂರನೇ ಮನೆಯ ಗೂಳಪ್ಪನವರ ಎರಡು ಸೀಮೆ ಹಸುಗಳು ನಿನ್ನೆಯಿಂದ ಮೇವು ಮುಟ್ಟಿಲ್ಲ. ವೈದ್ಯರ ಬಳಿ ಔಷಧಿ ಇಲ್ಲ.

ಆದ್ದರಿಂದ ತಮ್ಮ ಸಮೀಕ್ಷೆಯನ್ನು ನಾನೇ ಮತ್ತೆ ಮಾಡಿದ್ದೇನೆ. ಶನಿವಾರ, ಭಾನುವಾರ ಎರಡು ದಿನ, ಯಾರಿಗೂ ಮುಂಚಿತವಾಗಿ ಹೇಳದೆ. ಹತ್ತೊಂಬತ್ತು ಮನೆ, ನಲವತ್ತೆರಡು ಹಸು. ಒಂದು ಕೊಟ್ಟಿಗೆಯೂ ನಮ್ಮನ್ನು ಖಾಲಿ ಕೈಯಲ್ಲಿ ಕಳುಹಿಸಲಿಲ್ಲ. ಗೋಡೆ ಬಿರುಕಿನವೇ ಎರಡು ಉಪ್ಪಿನಕಾಯಿ ಬಾಟಲಿ ತುಂಬಿವೆ. ಹನುಮವ್ವನೂ ನನ್ನ ಜೊತೆ ಬಂದಳು. ನಿನಗೇಕೆ ಇದು, ಕರೆಯಲು ನನಗೆ ಮುಖವಿಲ್ಲ ಎಂದೆ. ಉಳಿದವರ ಹಸುಗಳಾದರೂ ಉಳಿಯಲಿ ಎಂದು ಹೇಳಿ ಬಾಟಲಿ ಹಿಡಿದು ಮುಂದೆ ನಡೆದಳು. ಕಣ್ಣು ಸೂಕ್ಷ್ಮ ಅವಳದು, ನನಗೆ ಕಾಣದವನ್ನೆಲ್ಲ ಅವಳೇ ಆರಿಸಿದಳು.

ನನ್ನ ಬೇಡಿಕೆ ಇಷ್ಟು. ಈ ಪತ್ರ ಓದಿದ ದಿನವೇ ಕೆಂಗೇರಿಯ ಆಸ್ಪತ್ರೆಗೆ ಔಷಧಿ ಕಳುಹಿಸಿ. ನಕ್ಷೆ ತಿದ್ದುವ ಕೆಲಸ ಆಮೇಲೆ ಇಟ್ಟುಕೊಳ್ಳಿ, ಗೂಳಪ್ಪನವರ ಹಸುಗಳಿಗೆ ನಿಮ್ಮ ಸಭೆಯ ತನಕ ಕಾಯುವ ತ್ರಾಣವಿಲ್ಲ. ಆಮೇಲೆ ಯಾವುದಾದರೂ ಸಾಧಾರಣ ಮಂಗಳವಾರ, ಚೀಟಿ ಅಂಟಿಸದೆ ಬಂದು ಗೋಡೆಗಳನ್ನು ನೋಡಿ. ಔಷಧಿ ಬಾರದಿದ್ದರೆ ಬರುವ ಸೋಮವಾರ ಬಾಟಲಿಗಳೊಂದಿಗೆ ನಾವೇ ತಮ್ಮ ಕಚೇರಿಗೆ ಬರುತ್ತೇವೆ. ಮುಚ್ಚಳ ಭದ್ರವಾಗಿದೆ, ಹೆದರಬೇಡಿ.

ನಮ್ಮ ಪಟ್ಟಿಯನ್ನು ಲಗತ್ತಿಸಿದ್ದೇನೆ. ಅದರ ಕೊನೆಯ ಸಾಲಿನಲ್ಲಿ ಹನುಮವ್ವನ ಹೆಸರು ಬರೆದು, ಹಸುಗಳ ಸಂಖ್ಯೆ ಎಂಬಲ್ಲಿಗೆ ಬಂದಾಗ ನನ್ನ ಪೆನ್ನು ನಿಂತಿತು. ಪಕ್ಕದಲ್ಲಿ ಕೂತಿದ್ದ ಅವಳೇ, "ಒಂದು ಅಂತ ಬರೀರಿ ಅಕ್ಕಾರ. ಇತ್ತಲ್ಲ," ಎಂದಳು. ಒಂದು ಎಂದು ಬರೆದಿದ್ದೇನೆ. ತಾವು ಅದನ್ನು ಹೊಡೆದು ಹಾಕಬಾರದು.

ಇಂತಿ,
ಈ ತಪ್ಪಿನಲ್ಲಿ ತಮ್ಮೊಂದಿಗೆ ಅರ್ಧ ಪಾಲುದಾರಳಾದ
ಕಲ್ಯಾಣಮ್ಮ
ನಿವೃತ್ತ ಶಿಕ್ಷಕಿ, ಹಳೇ ಕೆಂಗೇರಿ
ಜುಲೈ ೨೦೦೮